ಕೊಂಬೈಗೆ ಹೋದ ಮೈಸೂರು ಅಕ್ಕಿ

ಮೈಸೂರಿನಿಂದ ತೂತ್ತುಕುಡಿಗೆ ಹೋಗುವ ರೈಲು ಸಂಜೆ ಹೊರಡುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಂದು ಶುಕ್ರವಾರ ನಾನು ಆ ರೈಲು ಹತ್ತಿದೆ. ಬಟ್ಟೆಯ ಚೀಲವನ್ನು ಸೀಟಿನ ಕೆಳಗೆ ತಳ್ಳಿದೆ. ಟವೆಲಿನಲ್ಲಿ ಸುತ್ತಿದ್ದ ಸ್ಟೀಲ್ ಡಬ್ಬವನ್ನು ಮಾತ್ರ ಕೆಳಗಿಡಲು ಮನಸ್ಸಾಗದೆ ತೊಡೆಯ ಮೇಲೆ ಇಟ್ಟುಕೊಂಡೆ. ಪ್ರತಿ ವರ್ಷ ಇದೇ ಡಬ್ಬ ಇದೇ ರೈಲಿನಲ್ಲಿ ಹೋಗುತ್ತಿತ್ತು. ಒಯ್ಯುತ್ತಿದ್ದವಳು ನನ್ನ ಹೆಂಡತಿ ಲಿಂಗಮ್ಮ. ನಾನು ಪ್ಲಾಟ್‌ಫಾರ್ಮಿನವರೆಗೆ ಬಂದು ಡಬ್ಬವನ್ನು ಬೋಗಿಯ ಬಾಗಿಲಲ್ಲಿ ಅವಳ ಕೈಗೆ ಕೊಟ್ಟು ಹಿಂದಿರುಗುತ್ತಿದ್ದೆ.

ಲಿಂಗಮ್ಮ ಹುಟ್ಟಿದ್ದು ತಮಿಳುನಾಡಿನ ಕಂಬಂ ಕಣಿವೆಯ ಕೊಂಬೈಯಲ್ಲಿ. ಅಲ್ಲಿ ಎಷ್ಟೋ ತಲೆಮಾರುಗಳಿಂದ ಕನ್ನಡ ಮಾತಾಡುವ ಒಕ್ಕಲು ಮನೆಗಳಿವೆ. ಅವಳ ಸೋದರಮಾವ ದ್ರಾಕ್ಷಿ ಲಾರಿಯ ಜೊತೆ ಮೈಸೂರಿನ ಮಂಡಿಗೆ ಬರುತ್ತಿದ್ದರು. ನಮ್ಮ ಸಂಬಂಧ ಕುದುರಿಸಿದವರು ಅವರೇ. ನಾನಾಗ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಮದುವೆಯಾಗಿ ಬಂದ ವಾರದಲ್ಲೇ ಅವಳು ಒಲೆಯ ಪಕ್ಕ ಒಂದು ಡಬ್ಬ ಇಟ್ಟು, ಅಡುಗೆ ಮಾಡುವಾಗಲೆಲ್ಲ ಅದಕ್ಕೊಂದು ಹಿಡಿ ಅಕ್ಕಿ ಹಾಕತೊಡಗಿದಳು. ಹುಳು ಹಿಡಿಯದಿರಲೆಂದು ಒಣಗಿದ ಬೇವಿನ ಸೊಪ್ಪು ಸೇರಿಸುತ್ತಿದ್ದಳು. ಅವಳ ಊರಿನಲ್ಲಿ ಇದಕ್ಕೆ ಪಿಡಿ ಅರಿಸಿ ಎನ್ನುತ್ತಾರೆ, ಅಂದರೆ ಹಿಡಿ ಅಕ್ಕಿ. ದುಡಿಯುವವರು ಸತ್ತ, ಇಲ್ಲವೇ ಹಾಸಿಗೆ ಹಿಡಿದ ಮನೆಗಳಿಗೆ ಈ ಅಕ್ಕಿ ಹೋಗುತ್ತದೆ. ಅಂಥ ಮನೆಗಳ ಮಕ್ಕಳಿಗೆ ಭಾನುವಾರ ಇದರಿಂದಲೇ ಅಡುಗೆ. ಅಷ್ಟು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ನಾನು ಕೇಳಿರಲಿಲ್ಲ.

ಕಾರ್ತಿಕದಲ್ಲಿ ಲಿಂಗಮ್ಮ ತೀರಿಕೊಂಡಳು. ಡಬ್ಬ ಮುಕ್ಕಾಲು ತುಂಬಿತ್ತು. ಅವಳ ಸೀರೆಗಳನ್ನು ಅವಳ ಕಡೆಯವರು ಒಯ್ದರು. ಕನ್ನಡಕ, ಔಷಧಿ ಯಾವುದೂ ಉಳಿಯಲಿಲ್ಲ. ಅವಳ ಕೈ ದಿನದಿನವೂ ಮುಟ್ಟಿದ್ದು ಎಂದು ಮನೆಯಲ್ಲಿ ಉಳಿದದ್ದು ಈ ಅಕ್ಕಿಯೊಂದೇ. ಅದನ್ನು ಕೊಂಬೈಗೆ ಮುಟ್ಟಿಸಬೇಕಿತ್ತು. ಅಲ್ಲಿ ಊರಿನ ಮೂಟೆಗೆ ಸುರಿದುಬಿಟ್ಟರೆ ಅವಳ ಅಕ್ಕಿ ಯಾವುದು, ಬೇರೆಯವರದು ಯಾವುದು ಎಂದು ಯಾರಿಗೆ ಗೊತ್ತಾಗುತ್ತದೆ? ಬೆಂಗಳೂರು ದಾಟಿ ಬೋಗಿಯವರೆಲ್ಲ ಮಲಗಿದ ಮೇಲೆ ಡಬ್ಬ ತೆರೆದು ಒಂದು ಹಿಡಿ ತೆಗೆದೆ. ನನ್ನದೊಂದು ಕರವಸ್ತ್ರ ಜೇಬಿನಲ್ಲಿತ್ತು. ಅದರಲ್ಲಿ ಗಂಟು ಕಟ್ಟಿ ಅಂಗಿಯ ಒಳಜೇಬಿಗೆ ಹಾಕಿಕೊಂಡೆ. ಅಷ್ಟನ್ನು ಮರಳಿ ಮನೆಗೆ ತರುವುದೆಂದು ನಿಶ್ಚಯಿಸಿದ್ದೆ.

ದಿಂಡಿಗಲ್ಲಿನಲ್ಲಿ ಇಳಿದಾಗ ಬೆಳಗಾಗಿತ್ತು. ಬೋಳುಬಂಡೆಯ ಕೋಟೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಸ್ಟೇಷನ್ನಿನ ಹೊರಗೆ ಕಾಫಿ ಕುಡಿದು, ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಹೋದೆ. ತೇನಿಗೆ ಟಿಕೆಟ್ಟು ಎಪ್ಪತ್ತು ರೂಪಾಯಿಯೊಳಗೇ ಮುಗಿಯಿತು. ಲಿಂಗಮ್ಮ ಯಾವಾಗಲೂ ಬಲಗಡೆಯ ಕಿಟಕಿ ಹಿಡಿಯಬೇಕೆಂದು ಹೇಳುತ್ತಿದ್ದಳು, ಕೊಡೈಕೆನಾಲ್ ಬೆಟ್ಟ ಆ ಕಡೆಗೇ ಬರುತ್ತದಂತೆ. ನಾನೂ ಬಲಗಡೆ ಕೂತೆ. ಪಕ್ಕದಲ್ಲಿ ಮಲ್ಲಿಗೆಯ ಚೀಲ ಇಟ್ಟುಕೊಂಡು ಒಬ್ಬ ಹೆಂಗಸು ಕೂತಳು. ನನ್ನ ತೊಡೆಯ ಮೇಲಿನ ಡಬ್ಬ ನೋಡಿ, ಒಳಗೆ ಚಿನ್ನವಿದೆಯೇ ಎಂದು ತಮಿಳಿನಲ್ಲಿ ಕೇಳಿದಳು. ಅಕ್ಕಿ ಎಂದೆ. ತಮಿಳುನಾಡಿಗೆ ಅಕ್ಕಿ ಹೊತ್ತು ತರುವವನನ್ನು ಇವತ್ತೇ ಕಂಡೆ ಎಂದು ನಕ್ಕು, ವತ್ತಲಗುಂಡಿನಲ್ಲಿ ಇಳಿದು ಹೋದಳು. ಮಲ್ಲಿಗೆಯ ವಾಸನೆ ಪೆರಿಯಕುಳಂವರೆಗೂ ಬಸ್ಸಿನಲ್ಲಿತ್ತು. ಬೆಟ್ಟ ಬಂತು. ಬಿಸಿಲಿಗೆ ಅದರ ಮಡಿಕೆಗಳು ಒಂದೊಂದಾಗಿ ತೆರೆದುಕೊಂಡವು. ನೋಡು ಎಂದು ಹೇಳಲು ಪಕ್ಕಕ್ಕೆ ತಿರುಗಿದೆ.

ತೇನಿಯಲ್ಲಿ ಇಡ್ಲಿ ತಿಂದು ಕಂಬಂ ಬಸ್ಸು ಹತ್ತಿದೆ. ಚಿನ್ನಮನೂರಿನ ಆಚೆ ಕಾಲುವೆಯ ನೀರು, ತೆಂಗು, ಬಾಳೆ, ಚಪ್ಪರದ ಮೇಲೆ ಹಬ್ಬಿದ ದ್ರಾಕ್ಷಿ. ಉತ್ತಮಪಾಳಯದಲ್ಲಿ ಇಳಿದು ಮಿನಿಬಸ್ಸು ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಕೊಂಬೈ. ಊರಿನ ಬೆನ್ನಿಗೇ ಬೆಟ್ಟ ನಿಂತಿದೆ, ಅದರ ಆಚೆ ಕೇರಳದ ಏಲಕ್ಕಿ ತೋಟಗಳು.

ಲಿಂಗಮ್ಮನ ಅಣ್ಣನ ಹೆಂಡತಿ ಚೆನ್ನಮ್ಮಾಳ್ ಬಾಗಿಲಲ್ಲೇ ಕಾದಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನಾನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ತಂಬಿ ಎನ್ನುತ್ತಾರೆ. ನನ್ನ ಮುಖ ನೋಡಿ ಅವರು ಅಳಲಿಲ್ಲ. ಡಬ್ಬ ಇಸಕೊಂಡು ಒಮ್ಮೆ ತೂಗಿ ನೋಡಿದರು.

"ಈ ವರುಸ ಕಮ್ಮಿ," ಎಂದರು. ಆಮೇಲೆ, "ಶರಿ, ಒಳ್ಗೆ ಬಾ ತಂಬಿ. ಕೂಳುಣ್ಣು ಮೊದ್ಲು."

ಕೂಳು ಎಂಬ ಮಾತನ್ನು ನಮ್ಮ ಕಡೆ ಈಗ ಊಟಕ್ಕೆ ಬಳಸಿದರೆ ಬೈದಂತಾಗುತ್ತದೆ. ಈ ಮನೆಗಳಲ್ಲಿ ಅದು ಇನ್ನೂ ಅನ್ನವೇ. ಲಿಂಗಮ್ಮ ಮದುವೆಯಾದ ಹೊಸತರಲ್ಲಿ ನನ್ನ ತಾಯಿಯನ್ನು ಕೂಳುಣ್ಣಲು ಕರೆದು, ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದಳು. ಅಕ್ಕನ ಮನೆಯಲ್ಲಿ ಆ ಮಾತು ಎಷ್ಟು ಸಲ ಬಿದ್ದರೂ ನನಗೆ ಸಾಲದೆನಿಸಿತು.

ಸಂಜೆ ಅಕ್ಕನ ಜೊತೆ ಪಿಡಿ ಅರಿಸಿ ಕೂಡಿಸಲು ಬೀದಿಗೆ ಹೊರಟೆ. ನಾಲ್ಕೈದು ಹೆಂಗಸರು ಚೀಲ ಹಿಡಿದು ಮನೆಮನೆಯ ಮುಂದೆ ನಿಲ್ಲುತ್ತಿದ್ದರು. ಯಾರ ಮನೆಯದೆಷ್ಟು ಎಂದು ಅಳೆಯುವುದಿಲ್ಲ, ಬರೆಯುವುದೂ ಇಲ್ಲ. ಮನೆಯವರು ತಂದ ಪಾತ್ರೆಯನ್ನು ಚೀಲದೊಳಗೆ ಬೋರಲು ಮಾಡಿ ಒಳಗೆ ಹೋಗುತ್ತಾರೆ. ಒಂದು ಮನೆಯಲ್ಲಿ ಹೊಸ ಸೊಸೆ ಅಕ್ಕಿಯ ಮೂಟೆಯಿಂದಲೇ ಒಂದು ಮೊರ ತುಂಬಿ ತಂದಳು. ಅಕ್ಕ ಅದನ್ನು ತೆಗೆದುಕೊಂಡರು. ಆದರೆ ತಲೆ ಅಲ್ಲಾಡಿಸಿ, ಇದು ಪಿಡಿ ಅರಿಸಿಯಲ್ಲ ಎಂದು ಅವಳಿಗೆ ಹೇಳಿದರು. ಏಕೆಂದು ನಾನು ಕೇಳಿದೆ.

"ಮೂಟೆಯಿಂದ ಎತ್ತಿದ್ರೆ ಅದು ದಾನ. ಒಲೆಗೆ ಅಂತ ಅಳ್ದಿರ್ತೀವಲ್ಲ, ಅದ್ರಿಂದ ಎತ್ತಬೇಕು. ಆ ಒಂದು ಪಿಡಿ ಮನೆವ್ರ ಹೊಟ್ಟೆಯಿಂದ ಬರ್ಬೇಕು ತಂಬಿ."

ಹಾಗಾದರೆ ಲಿಂಗಮ್ಮನೂ ಹಾಗೇ ಮಾಡುತ್ತಿದ್ದಳೇ ಎಂದು ಕೇಳಿದೆ. ಮತ್ತೆ ಹೆಂಗೆ ಎಂದು ಅಕ್ಕ ಮುಂದಿನ ಮನೆಗೆ ನಡೆದರು.

ಮರುದಿನ ಭಾನುವಾರ. ಮದುವೆ ಮಂಟಪದ ಹಿತ್ತಲಲ್ಲಿ ಒಲೆ ಹೂಡಿದ್ದರು. ಒಬ್ಬ ಆಟೋದವನು ಸೌದೆ ತಂದ. ಓಡೈಪಟ್ಟಿಯಿಂದ ಬಂದ ತೋಟದವರೊಬ್ಬರು ದ್ರಾಕ್ಷಿಯ ಟ್ರೇ ಇಳಿಸಿ, ಸಾಂಬಾರಿಗೆ ತರಕಾರಿ ಹೆಚ್ಚಲು ಕೂತರು. ಇಲ್ಲಿ ಉಣ್ಣಲು ಬರುವ ಮಕ್ಕಳ ತಾಯಂದಿರು ಬೆಳಕು ಹರಿಯುವ ಮೊದಲೇ ಜೀಪಿನಲ್ಲಿ ಬೆಟ್ಟ ಹತ್ತಿ ಏಲಕ್ಕಿ ಬಿಡಿಸಲು ಹೋಗುತ್ತಾರೆ, ಕೊಯ್ಲಿನ ಕಾಲದಲ್ಲಿ ಭಾನುವಾರವೂ ಬಿಡುವಿಲ್ಲ. ಹಲವರಿಗೆ ತಂದೆ ಇಲ್ಲ. ಶಾಲೆಯ ದಿನ ಶಾಲೆಯಲ್ಲಿ ಊಟ ಸಿಗುತ್ತದೆ, ರಜೆಯ ದಿನ ಈ ಹೆಂಗಸರು.

ಮೂಟೆಯ ಅಕ್ಕಿಯನ್ನು ದೊಡ್ಡ ಅಂಡೆಗೆ ಸುರಿದರು. ನನ್ನ ಡಬ್ಬದ ಸರದಿ ಬರುತ್ತದೆಂದು ನಾನು ಎದ್ದು ನಿಂತೆ. ಯಾರೂ ಅದನ್ನು ಮುಟ್ಟಲಿಲ್ಲ. ಲಿಂಗಮ್ಮನದನ್ನು ಯಾಕೆ ಸೇರಿಸಲಿಲ್ಲ ಎಂದು ಕೇಳಿದೆ. ಹೆಂಗಸರು ಮುಖ ಮುಖ ನೋಡಿಕೊಂಡು ನಗತೊಡಗಿದರು.

"ಇವ್ರಿಗೆ ಹೇಳೇ ಇಲ್ವಾ ಅವ್ಳು?" ಎಂದರು ಒಬ್ಬರು. "ನಾಚ್ಕೊಂಡಿರ್ತಾಳೆ."

ಅಕ್ಕ ಹೇಳಿದರು. ಇಲ್ಲಿಯವರು ಉಣ್ಣುವುದು ಪುಳುಂಗಲ್, ಭತ್ತವನ್ನು ಬೇಯಿಸಿ ಕುಟ್ಟಿದ ಕುಸುಬಲಕ್ಕಿ. ಮೈಸೂರಿನಲ್ಲಿ ಉಣ್ಣುವುದು ಹಸಿ ಭತ್ತದ ಅಕ್ಕಿ. ಲಿಂಗಮ್ಮ ಮೊದಲ ವರ್ಷ ಹೆಮ್ಮೆಯಿಂದ ತಂದು ತನ್ನ ಅಕ್ಕಿಯನ್ನು ತಾನೇ ಅಂಡೆಗೆ ಸುರಿದಳಂತೆ. ಅವಳದು ಕರಗಿ ಅಂಟಾಯಿತು, ಊರಿನದು ಅದರೊಳಗೆ ಕಲ್ಲಿನಂತೆ ಉಳಿಯಿತು.

"ಹುಟ್ಟಿದ ಊರಿನ ಕೂಳನ್ನೇ ಮರೆತ್ಲು ಮಹಾರಾಣಿ ಅಂತ ವರುಸೆಲ್ಲ ಕೆಣಕಿದ್ವಿ," ಎಂದರು ಅಕ್ಕ. "ಆವತ್ತು ಅಳ್ಕೊಂಡು ಕುಂತ್ಲು. ಆಮೇಲೆ ತಾನೇ ಎದ್ದು, ನನ್ನ ಅಕ್ಕೀನ ಬೇರೆ ವೈಯಿ ಅತ್ತಿಗೆ, ಬೆಲ್ಲ ಹಾಕಿ ಪೊಂಗಲ್ ಮಾಡಾಣ ಅಂದ್ಲು."

ಅಂದಿನಿಂದ ಪ್ರತಿ ವರ್ಷ ಅವಳ ಅಕ್ಕಿ ಬೇರೆಯೇ ಒಲೆಯಲ್ಲಿ ಬೇಯುತ್ತಿತ್ತು. ಮಕ್ಕಳು ಅದಕ್ಕೆ ಮೈಸೂರು ಚಿತ್ತಿಯ ಪೊಂಗಲ್ ಎಂದು ಹೆಸರಿಟ್ಟಿದ್ದರು. ಚಿತ್ತಿ ಎಂದರೆ ಚಿಕ್ಕಮ್ಮ. ಮನೆಯಲ್ಲಿ ನಾವಿಬ್ಬರೇ ಇದ್ದೆವು, ಅವಳನ್ನು ಹಾಗೆ ಕರೆಯುವವರು ಇಷ್ಟು ಜನರಿದ್ದಾರೆಂದು ನನಗೆ ತಿಳಿದಿರಲಿಲ್ಲ.

ಚಿಕ್ಕ ಒಲೆಗೆ ಹಿತ್ತಾಳೆ ಪಾತ್ರೆ ಏರಿತು. ಅಕ್ಕ ಬೇವಿನ ಸೊಪ್ಪು ಆರಿಸಿ, ಅಕ್ಕಿ ತೊಳೆದು ಹಾಕಿದರು. ಮಕ್ಕಳು ಆಗಲೇ ಸಾಲಾಗಿ ಕೂತು ಈ ಒಲೆಯ ಕಡೆಗೇ ನೋಡುತ್ತಿದ್ದರು. ಎಲ್ಲರಿಗೂ ಸಾಲುವುದೋ ಇಲ್ಲವೋ ಎಂದು ಅಕ್ಕ ಗೊಣಗಿದರು. ನನ್ನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಅಕ್ಕನ ಕಣ್ಣಿಗೆ ಅದು ಬಿತ್ತು. ಏನು ಎಂದು ಕೇಳಿದರು. ಕರವಸ್ತ್ರದ ಗಂಟನ್ನು ತೆಗೆದು ತೋರಿಸಿದೆ. ಒಂದು ಹಿಡಿಯನ್ನು ನನಗೆಂದು ಇಟ್ಟುಕೊಂಡಿದ್ದೇನೆ ಎಂದೆ.

ಅವರು ಬೈಯಲಿಲ್ಲ. ಸೌಟಿನಿಂದ ತಳ ಕೆದಕುತ್ತಾ, "ವೈಚ್ಕೋ. ಯಾರೂ ಕೇಳಲ್ಲ," ಎಂದರು. ಇಟ್ಟುಕೋ ಎಂದು. ಒಲೆಗೆ ಒಂದು ಸೌದೆ ತಳ್ಳಿ, "ಆಡಿ ತಿಂಗ್ಳಿಗೆ ಹುಳು ಬೀಳ್ತದೆ. ಆಮೇಲೆ ನೀನೇ ಗುಬ್ಬಿಗೆ ಚೆಲ್ಬೇಕು."

ಗಂಟನ್ನು ಕೈಯಲ್ಲೇ ಹಿಡಿದು ಬೇವಿನ ಮರದ ಕೆಳಗೆ ಕೂತೆ. ಆಷಾಢದಲ್ಲಿ ನಾನೊಬ್ಬನೇ ಅಂಗಳದಲ್ಲಿ ಈ ಅಕ್ಕಿ ಚೆಲ್ಲುವುದನ್ನು ನೆನೆಸಿಕೊಂಡೆ. ಪಾತ್ರೆಯ ನೀರು ಉಕ್ಕಿತು. ಎದ್ದು ಹೋಗಿ ಗಂಟು ಬಿಚ್ಚಿದೆ. ತೊಳೆಯಬೇಕೇ ಎಂದು ಕೇಳಿದೆ. ಬೇಡ, ಅವಳು ಆರಿಸಿಯೇ ಇಟ್ಟಿರುತ್ತಾಳೆ ಎಂದರು ಅಕ್ಕ. ಬಗ್ಗಿ ಹಾಕಿದೆ. ಹಬೆಗೆ ಬೆರಳು ಸುಟ್ಟಿತು.

ಪೊಂಗಲ್ ಎಲ್ಲರಿಗೂ ಸಾಲಿತು, ಒಬ್ಬೊಬ್ಬರಿಗೆ ಒಂದೇ ಸೌಟು. ಕೊನೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ಬಾಳೆಲೆಯನ್ನು ಬೆರಳಿನಿಂದ ಒರೆಸಿ ತಿಂದು ನನ್ನನ್ನು ನೋಡಿದಳು.

"ಚಿತ್ತಿ ವರಲೆಯಾ?" ಎಂದಳು. ಚಿಕ್ಕಮ್ಮ ಬರಲಿಲ್ಲವಾ ಎಂದು.

"ವರಲೆ," ಎಂದೆ. ನನಗೆ ಆಡಲು ಬರುವ ತಮಿಳು ಅಷ್ಟಿಷ್ಟೇ. ಅವಳು ತನ್ನ ಪಾಲಿನ ದ್ರಾಕ್ಷಿಯಲ್ಲಿ ಅರ್ಧ ಗೊಂಚಲು ಮುರಿದು ನನ್ನ ಕೈಗೆ ಕೊಟ್ಟು ಏನೋ ಹೇಳಿದಳು. ಚಿತ್ತಿಗೆ ಕೊಡಬೇಕಂತೆ ಎಂದು ಅಕ್ಕ ಹೇಳಿದರು.

ಮಧ್ಯಾಹ್ನವೇ ಹೊರಟೆ. ಅಕ್ಕ ಡಬ್ಬ ತೊಳೆದು, ಬಿಸಿಲಿಗೆ ಒಣಗಿಸಿ, ಹೊಸ ಬೇವಿನ ಸೊಪ್ಪು ಹಾಕಿ ಕೊಟ್ಟರು. ತೇನಿಗೆ ಹೋಗುವ ಬಸ್ಸಿನಲ್ಲಿ ಕೊಂಬೈಯ ಬೆಟ್ಟ ಎಡಗಡೆಗೆ ಬರುತ್ತದೆಂದು ನೆನಪಾಗಿ ಎಡಗಡೆ ಕೂತೆ. ಚಿನ್ನಮನೂರು ದಾಟುವವರೆಗೂ ಅದು ಕಾಣುತ್ತಿತ್ತು. ದ್ರಾಕ್ಷಿಯನ್ನು ಒಂದೊಂದಾಗಿ ತಿಂದೆ.

ಸೋಮವಾರ ಮನೆ ಸೇರಿದೆ. ಸಂಜೆ ಒಬ್ಬನಿಗಾಗುವಷ್ಟು ಅಕ್ಕಿ ಅಳೆದು ತಟ್ಟೆಗೆ ಹಾಕಿ, ಅದರಿಂದ ಒಂದು ಹಿಡಿ ತೆಗೆದು ಡಬ್ಬಕ್ಕೆ ಹಾಕಿದೆ. ನನ್ನ ಮುಷ್ಟಿ ದೊಡ್ಡದು. ತಟ್ಟೆಯಲ್ಲಿ ಉಳಿದದ್ದು ತೀರಾ ಕಡಿಮೆ ಎನಿಸಿತು. ಆದರೂ ಮತ್ತೆ ಮೂಟೆಗೆ ಕೈ ಹಾಕಲಿಲ್ಲ. ಉಂಡು ಎದ್ದಾಗ ಹೊಟ್ಟೆಯಲ್ಲಿ ಒಂದು ತುತ್ತಿನಷ್ಟು ಜಾಗ ಖಾಲಿ ಉಳಿದಿತ್ತು. ಅವಳು ಬಡಿಸಿದ ಊಟದಿಂದ ನಾನು ಒಂದು ದಿನವೂ ಹೀಗೆ ಎದ್ದಿರಲಿಲ್ಲ.