ಟೆಟ್ರಾಸೈಕ್ಲಿನ್ ಮತ್ತು ಎಮ್ಮಿ ಹಾಲು

ಹೆಂಡತಿ ತೀರಿಕೊಂಡ ವರ್ಷವೇ ನನ್ನ ಕಾಲ್ಬೆರಳಿಗೆ ಗಾಯವಾಗಿ ಕೀವು ತುಂಬಿತು. ಖಾನಾಪುರದ ಹಂಚಿನ ಭಟ್ಟಿಯಲ್ಲಿ ಮಣ್ಣು ತುಳಿಯುವುದು ನನ್ನ ಕೆಲಸ. ಬೆಳಗಾವಿಯ ಡಾಕ್ಟರು ಹಳದಿ ಬಣ್ಣದ ಟೆಟ್ರಾಸೈಕ್ಲಿನ್ ಗುಳಿಗೆ ಕೊಟ್ಟರು. ಗಾಯ ಮಾಯಲಿಲ್ಲ. ಮತ್ತೆ ಹೋದೆ.

"ಹಿಂಗ ಆದ್ರ ಬೆರಳು ತೆಗೀಬೇಕಾಗ್ತದ ಯಜಮಾನ್ರ. ಹತ್ತಾರು ಜಾತಿ ರೋಗಾಣು ಕೊಲ್ಲೂ ಔಷಧ ಇದು."

"ಹಂಗಾರ ನನ್ನ ಕಾಲಾಗಿನ ಹುಳ ಯಾವ ಜಾತೀದ್ರಿ, ಇದಕ್ಕೂ ಬಗ್ಗವಲ್ದು?"

ಡಾಕ್ಟರು ನಕ್ಕರು. "ಗುಳಿಗಿ ಹೆಂಗ ತಗೋತೀರಿ?"

"ಎಮ್ಮಿ ಹಾಲಿನಾಗ್ರಿ, ತುಂಬಿದ ಗ್ಲಾಸು. ಬರೇ ನೀರಾಗ ನುಂಗಿದ್ರ ಹೊಟ್ಟಿ ಸುಡತೈತಿ ಅಂತ ನಮ್ಮಾಕಿ ಹೇಳತಿದ್ಲು."

ಡಾಕ್ಟರು ಹಣೆ ಬಡಿದುಕೊಂಡರು. ಕಾಗದದ ಮೇಲೆ ನಾಲ್ಕು ಉಂಗುರ ಒಂದಕ್ಕೊಂದು ಅಂಟಿಸಿ ಬರೆದರು. "ಟೆಟ್ರಾ ಅಂದ್ರ ನಾಲ್ಕು, ಈ ಔಷಧದ ಮನೆತನಾನ ನಾಲ್ಕು ಉಂಗುರದ್ದು. ಹಾಲಿನಾಗ ಸುಣ್ಣದ ಅಂಶ ಇರ್ತದ. ಅದು ಸಿಕ್ತಂದ್ರ ಈ ಔಷಧ ಅದನ್ನ ಗಟ್ಟಿ ಹಿಡಕೋತದ, ರಕ್ತಕ್ಕ ಸೇರೂದಿಲ್ಲ."

ಉಂಗುರ ತಿಳಿಯಲಿಲ್ಲ. ಸುಣ್ಣ ತಿಳಿಯಿತು. ಮಣ್ಣಿನಲ್ಲಿ ಸುಣ್ಣದ ಹರಳು ಉಳಿದರೆ ಸುಟ್ಟ ಹಂಚು ಸಿಡಿಯುತ್ತದೆ.

"ಅಂದ್ರ ಇಷ್ಟು ದಿನ ಗುಳಿಗಿ ತಿಂದದ್ದು ಹಾಲು, ನಾನಲ್ಲ!"

"ಖರೇ. ಇನ್ನ ಬರೇ ನೀರು."

ನೀರಿನಲ್ಲೇ ನುಂಗಿದೆ. ಗಾಯ ಒಣಗಿತು, ಬೆರಳು ಉಳಿಯಿತು. ಮತ್ತೆ ಮಣ್ಣು ತುಳಿದೆ. ಒಮ್ಮೊಮ್ಮೆ ಅನ್ನಿಸುತ್ತದೆ, ಆಕೆ ಇದ್ದಿದ್ದರೆ ಬೆರಳು ಉಳಿಯುತ್ತಿರಲಿಲ್ಲ. ಹಾಲು ಬಿಡಿಸುವ ಬದಲು ಡಾಕ್ಟರನ್ನೇ ಬಿಡಿಸುತ್ತಿದ್ದಳು.