ಟಿವಿಯೊಳಗಿನ ದೊಡ್ಡ ಮನೆ

ಕುವೈತಿನಲ್ಲಿ ನಾನು ಮನೆಮನೆಗೆ ಡಿಶ್ ಹಾಕುತ್ತಿದ್ದ ಕಾಲ. ಒಂದು ಬಂಗಲೆಯಲ್ಲಿ ಚಾನೆಲ್ ಪರೀಕ್ಷಿಸುವಾಗ ಅಮೆರಿಕದ ಹಾಸ್ಯ ಧಾರಾವಾಹಿಯೊಂದು ಬಂತು. ಕಪ್ಪು ಜನರ ಶ್ರೀಮಂತ ಕುಟುಂಬ. ಅಪ್ಪ ಬ್ಯಾಂಕಿನ ದೊಡ್ಡ ಸಾಹೇಬ, ಅಮ್ಮ ಪ್ರೊಫೆಸರ್. ನೆಲ ಒರೆಸುತ್ತಿದ್ದ ಇಥಿಯೋಪಿಯಾದ ಕೆಲಸದಾಕೆ ಕೈ ನಿಲ್ಲಿಸಿ ನೋಡತೊಡಗಿದಳು.

"ನೋಡು ಸಿಸ್ಟರ್, ನಿಮ್ಮವರೇ! ಎಷ್ಟು ದೊಡ್ಡ ಮನೆ!" ಎಂದೆ, ನನ್ನ ಹರುಕು ಅರಬ್ಬಿಯಲ್ಲಿ. ಅವಳಿಗೆ ಖುಷಿಯಾಗಲಿ ಅಂತ.

ಅವಳು ನಗಲಿಲ್ಲ. "ನಮ್ಮವರಲ್ಲ, ಅಮೆರಿಕದವರು," ಎಂದಳು. ಆಮೇಲೆ ಕೇಳಿದಳು, "ಇಷ್ಟೊಂದು ಸೋಫಾ, ಇಷ್ಟೊಂದು ಮೆಟ್ಟಿಲು. ಒರೆಸುವುದು ಯಾರು?"

ಸಿಗ್ನಲ್ ನೋಡುವ ನೆಪದಲ್ಲಿ ನಾನೂ ನಿಂತೆ. ಟಿವಿಯಲ್ಲಿ ಆ ಮನೆಯ ಮಕ್ಕಳು ಪಾಪ್‌ಕಾರ್ನ್ ಚೆಲ್ಲಿದರು. ಮುಂದಿನ ದೃಶ್ಯದಲ್ಲಿ ನೆಲ ಫಳಫಳ. ಪೊರಕೆ ಹಿಡಿದವರು ಒಬ್ಬರೂ ಬರಲಿಲ್ಲ.

"ಕೆಲಸದವಳು ಇದ್ದಾಳೆ," ಎಂದಳು ಖಚಿತವಾಗಿ, "ತೋರಿಸುವುದಿಲ್ಲ, ಅಷ್ಟೆ."

ಒಳಗಿಂದ ಮೇಡಂ ಕರೆದರು. ನನ್ನ ಬೂಟಿನ ಗುರುತುಗಳನ್ನು ಒರೆಸಿಯೇ ಅವಳು ಹೋದದ್ದು.

ಅಬ್ಬಾಸಿಯಾದಲ್ಲಿ ನಾವು ಐದು ಜನರಿದ್ದ ರೂಮಿಗೆ ಮರಳಿದವನೇ ಪೊರಕೆ ಹಿಡಿದೆ. ಆ ವಾರದ ಸರದಿ ನನ್ನದೇ ಆಗಿತ್ತು; ಪ್ರತಿ ಸಲವೂ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

"ಎಂತ ಮಾರಾಯ," ಎಂದರು ರೂಮಿನವರು ಗಾಬರಿಯಿಂದ, "ಹುಷಾರಿಲ್ವಾ?"