ಉಳಿಯುವ ಮರಕ್ಕೆ ಸುಣ್ಣ

ಹೋದ ವಾರ ಬನಶಂಕರಿಯ ನಮ್ಮ ಮನೆಯ ಬಾಗಿಲು ರಿಪೇರಿಗೆ ಬಂದ ಆಚಾರಿ ತೇಗದ ಹಲಗೆಯೊಂದನ್ನು ಉಜ್ಜತೊಡಗಿದ. ಹಳೆಯ ಚರ್ಮದ ಚಪ್ಪಲಿಯಂಥ ಆ ವಾಸನೆ ಹಾಲ್ ತುಂಬಿತು. ಹೆಂಡತಿ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ನಮ್ಮ ಮೇಸ್ತ್ರಿ ನೆನಪಾದರು... ಜೊತೆಗೆ ಹಳೆಯ ಹೊಟ್ಟೆಯುರಿಯೂ ಎದ್ದು ಕೂತಿತು.

ವರ್ಷಗಳ ಹಿಂದೆ ಕನಕಪುರ ರಸ್ತೆಯ ಆಚೆ, ಜಯನಗರದ ಯಜಮಾನರೊಬ್ಬರ ಎಸ್ಟೇಟಿನಲ್ಲಿ ತೇಗದ ತೋಪಿತ್ತು. ಒತ್ತಾಗಿ ನೆಟ್ಟ ಮರಗಳಲ್ಲಿ ಸೊಟ್ಟಗಿನವನ್ನು, ಸೊರಗಿದವನ್ನು ಕೆಲವು ವರ್ಷಕ್ಕೊಮ್ಮೆ ಕಡಿದು ಮಾರುವುದು, ಉಳಿದವಕ್ಕೆ ಬಿಸಿಲು ಬಿಡುವುದು ನಮ್ಮ ಕೆಲಸ. ಅದರಲ್ಲೇ ನಮ್ಮ ಅನ್ನ. ಏಳು ವರ್ಷ ದುಡಿದಿದ್ದ ನಾನೇ ಮುಂದಿನ ಮೇಸ್ತ್ರಿ ಎಂದು ಹೆಂಡತಿಗೂ ಹೇಳಿಟ್ಟಿದ್ದೆ. ಅಷ್ಟರಲ್ಲಿ ದಾಂಡೇಲಿ ಕಡೆಯಿಂದ ಬಂದು ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆಗಿದ್ದ ಈ ಮೇಸ್ತ್ರಿಯನ್ನು ಯಜಮಾನರು ತಂದು ಕೂರಿಸಿದರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿತು ಎಂದು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದೆ.

ಅವರು ಕೆಲಸ ಬಾರದವರಾಗಿದ್ದರೆ ನನಗೆ ನೆಮ್ಮದಿಯಿರುತ್ತಿತ್ತು. ಕೊಡಲಿಯ ಹಿಂಬದಿಯಿಂದ ಮರಕ್ಕೆ ಒಂದು ತಟ್ಟು ತಟ್ಟಿ, ಒಳಗೆ ಟೊಳ್ಳು ಎನ್ನುತ್ತಿದ್ದರು. ಕಡಿದರೆ ಟೊಳ್ಳೇ ಇರುತ್ತಿತ್ತು. ಯಾರೂ ಇಲ್ಲದಾಗ ನಾನೂ ತಟ್ಟಿ ತಟ್ಟಿ ನೋಡುತ್ತಿದ್ದೆ. ನನ್ನ ಕಿವಿಗೆ ಎಲ್ಲ ಮರದ್ದೂ ಒಂದೇ ಸದ್ದು. ಯಜಮಾನರು ಬಂದರೆ ಇಬ್ಬರೂ ಮಾತಾಡುತ್ತಾ ತೋಪು ಸುತ್ತುತ್ತಿದ್ದರು, ಹಿಂದೆ ನಾನು ನೀರಿನ ಬಾಟಲಿ ಹಿಡಿದುಕೊಂಡು...

ಅವರದ್ದೊಂದು ಪದ್ಧತಿಯಿತ್ತು. ಎಲ್ಲರೂ ಕಡಿಯುವ ಮರಕ್ಕೆ ಗುರುತು ಹಾಕಿದರೆ ಅವರು ಉಳಿಯುವ ಮರಕ್ಕೆ ಸುಣ್ಣದ ಪಟ್ಟೆ ಬಳಿಯುತ್ತಿದ್ದರು. "ಹೋಗೋ ಗಿಡ ನೋಡ್ಕೋತ ಕುಂತ್ರ ಇರೋ ಗಿಡ ಕಣ್ಣಿಗೆ ಬೀಳಂಗಿಲ್ರೀ," ಎನ್ನುತ್ತಿದ್ದರು. ಎಷ್ಟೆತ್ತರದ ತೇಗವೂ ಅವರ ಬಾಯಲ್ಲಿ ಗಿಡವೇ.

ಒಮ್ಮೆ ಮಗಳಿಗೆ ಜ್ವರವೆಂದು ರಜೆ ಹಾಕಿದರು. ಹಿಂದಿನ ಸಂಜೆ ನನ್ನನ್ನು ಕರೆದು, "ನಾಳೆ ಕಡಿಯಾಕ ಹೊಸಾ ಮಂದಿ ಬರ್ತಾರ. ಸುಣ್ಣ ಇದ್ದದ್ದು ಮುಟ್ಟಬ್ಯಾಡ್ರಿ ಅಂತ ಅವ್ರಿಗೆ ಹೇಳ್ರಿ," ಎಂದರು. ಬೆಳಿಗ್ಗೆ ಗರಗಸ ಹೊತ್ತು ಬಂದವರಲ್ಲೊಬ್ಬ ಕೇಳಿದ: "ಅಣ್ಣಾ, ಸುಣ್ಣ ಹೊಡ್ದಿರೋದನ್ನೇ ತಾನೇ ಉರುಳಿಸ್ಬೇಕು?"

"ಗುರುತು ಹಾಕಿದ್ದಾರಲ್ಲ, ನೋಡ್ಕೊಳ್ಳಿ," ಎಂದು ಹೇಳಿ ನಾನು ಟೀ ಕುಡಿಯಲು ಹೋದೆ. ಬೇಕೆಂದೇ ಹೋದೆ. ಮಧ್ಯಾಹ್ನದ ಹೊತ್ತಿಗೆ ತೋಪಿನ ಒಳ್ಳೊಳ್ಳೆಯ ಮರಗಳೆಲ್ಲ ನೆಲದ ಮೇಲಿದ್ದವು, ಸೊಟ್ಟಗಿನವು ನಿಂತಿದ್ದವು.

ಮಾರನೆಯ ದಿನ ಯಜಮಾನರು ಕೂಗಾಡಿದರು. "ಯಾರಿಗೂ ಹೇಳಿರ್ಲಿಲ್ವೇನ್ರೀ ನೀವು?" ಮೇಸ್ತ್ರಿ ನನ್ನ ಕಡೆ ತಿರುಗಿದರು. "ನನಗೇನೂ ಹೇಳಿರ್ಲಿಲ್ಲ ಸಾರ್," ಎಂದುಬಿಟ್ಟೆ. ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ, "ಹೇಳೂದು ಮರ್ತಿರಬೇಕ್ರೀ," ಎಂದರು.

ಅವರ ಕೆಲಸ ಹೋಯಿತು. ಬೊಮ್ಮನಹಳ್ಳಿಯಲ್ಲೆಲ್ಲೋ ವಾಚ್‌ಮನ್ ಆದರೆಂದು ಕೇಳಿದೆ. ನಾನು ಮೇಸ್ತ್ರಿಯಾದೆ. ನನ್ನನ್ನು ಉಳಿಸಲೆಂದೇ ಹಾಗೆ ಹೇಳಿದರು ಎಂದುಕೊಂಡೆ; ದೊಡ್ಡತನದಲ್ಲೂ ನನ್ನನ್ನು ಮೀರಿಸಿಬಿಟ್ಟರಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ. ತೋಪು ಲೇಔಟ್ ಆಗಿ, ನಾನು ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಕೊಂಬೆ ಕಡಿಸುವ ಕಾಂಟ್ರಾಕ್ಟ್ ಹಿಡಿದ ಮೇಲೂ ಆ ಕಿಚ್ಚು ಆರಲಿಲ್ಲ.

ಆಚಾರಿಯ ಹಲಗೆಯ ವಾಸನೆ ತಲೆಯಿಂದ ಹೋಗದೆ, ಮೊನ್ನೆ ಭಾನುವಾರ ಮೇಸ್ತ್ರಿಯನ್ನು ಹುಡುಕಿಕೊಂಡು ಸುದ್ದಗುಂಟೆಪಾಳ್ಯಕ್ಕೆ ಹೋದೆ. ಅದೇ ಬಾಡಿಗೆ ಮನೆಯಲ್ಲಿ ಅವರ ಹೆಂಡತಿ ಇದ್ದರು. ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಗಿತ್ತು. ತೋಪಿನಲ್ಲಿ ಜೊತೆಗಿದ್ದವನು ಎಂದಾಗ ಟೀ ಕೊಟ್ಟು ಕೂರಿಸಿದರು.

"ಆ ಕೆಲಸ ಹೋದ ಮ್ಯಾಲ ಅವ್ರಿಗೆ ತಮ್ಮ ತಲಿ ಮ್ಯಾಲ ನಂಬಿಕಿನ ಹೋತ್ರೀ," ಎಂದರು ಆಕೆ. "ಹಾಲು ತಾ ಅಂತ ಮಗಳಿಗೆ ಹೇಳಿದ್ರೂ, ನಾ ಹೇಳಿದ್ನೋ ಇಲ್ಲೋ ಅಂತ ಮತ್ತ ಮತ್ತ ಕೇಳೋರು. ಕೊನೀತನಕಾನೂ ಹಂಗ."

ಅಂದರೆ ಅವರು ನನ್ನನ್ನು ಉಳಿಸಿರಲಿಲ್ಲ. ನನ್ನ ಸುಳ್ಳನ್ನು ನಂಬಿದ್ದರು.

"ಅವರು ಹೇಳಿದ್ರಮ್ಮ," ಎಂದೆ. "ಹಿಂದಿನ ಸಂಜೇನೇ ಹೇಳಿದ್ರು. ನನಗೇ ಹೇಳಿದ್ರು. ನಾನೇ..."

ಆಕೆ ನನ್ನ ಕೈಯಲ್ಲಿದ್ದ ಲೋಟ ತೆಗೆದುಕೊಂಡರು. ಟೀ ಇನ್ನೂ ಅರ್ಧವಿತ್ತು.

"ಇದನ್ನ ಅವ್ರು ಇದ್ದಾಗ ಬಂದು ಹೇಳ್ಬೇಕಿತ್ರೀ," ಎಂದರು.